ಹಳ್ಳಿ ಸಿಸಿ ರಸ್ತೆಗೆ ಶಕ್ತಿನಗರದ ಹಾರುಬೂದಿ: ಎಷ್ಟು, ಹೇಗೆ?

ಕೃಷ್ಣಾತೀರ (ಪ್ರಶ್ನೆ)
ರಾಯಚೂರು ತಾಲೂಕಿನಲ್ಲಿ 200 ಮೀಟರ್ ಸಿಸಿ ರಸ್ತೆ ಹಾಕಬೇಕು. ಅಗಲ 3.75 ಮೀಟರ್, ದಪ್ಪ 150 ಮಿ.ಮೀ., ಎಂ30 (ಕಾಂಕ್ರೀಟಿನ ಬಲದ ದರ್ಜೆ). ನೆಲ ಎರೆಮಣ್ಣು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಹತ್ತಿರವೇ ಇರುವುದರಿಂದ ಸಿಮೆಂಟಿನ ಕಾಲುಭಾಗಕ್ಕೆ ಬೂದಿ ಹಾಕುವ ಯೋಚನೆ. ಹೊಂಡದ ಬೂದಿ ನಡೆಯುತ್ತದೆಯೇ? ಪಿಪಿಸಿ (ಬೂದಿ ಬೆರೆಸಿಯೇ ಬರುವ ಸಿಮೆಂಟ್) ಜೊತೆ ಬೆರೆಸಬಹುದೇ? ಬೂದಿ ಹಾಕಿದರೆ ಮೇಲ್ಮೈ ಪುಡಿಪುಡಿಯಾಗಿ ಏಳುತ್ತದೆ ಅಂತಾರೆ, ಅದು ಬೂದಿಯ ತಪ್ಪೋ ಕೆಲಸದ ತಪ್ಪೋ? ಮಿಕ್ಸರ್ ಒಂದು ಚೀಲದ್ದು, ಬ್ಯಾಚಿಂಗ್ ಪ್ಲಾಂಟ್ ಇಲ್ಲ.

ಜಲ್ಲಿಮರಳು
ಪಿಪಿಸಿಗೆ ಮತ್ತೆ ಬೂದಿ ಬೆರೆಸಲೇಬೇಡಿ ಸರ್. ಅದರಲ್ಲಿ ಆಗಲೇ 15ರಿಂದ 35% ಬೂದಿ ಇರುತ್ತದೆ, ಚೀಲದ ಮೇಲೆಯೇ ಅಚ್ಚಾಗಿರುತ್ತದೆ. ಬೂದಿ ಹಾಕುವುದಾದರೆ ಒಪಿಸಿ (ಬೂದಿ ಬೆರೆಸದ ಸಾದಾ ಸಿಮೆಂಟ್) ತನ್ನಿ.

ಹೊಂಡದ ಬೂದಿ ಕಾಂಕ್ರೀಟಿಗೆ ಬೇಡ. ನೀರಲ್ಲಿ ಕೊಚ್ಚಿ ಬಂದು ಕೂತ ಬೂದಿ ಅದು. ದಪ್ಪ ತಳಬೂದಿ, ಸುಡದೆ ಉಳಿದ ಇದ್ದಿಲು ಎಲ್ಲ ಅದರಲ್ಲಿ ಸೇರಿರುತ್ತವೆ. ಬೆರಳಲ್ಲಿ ಉಜ್ಜಿದರೆ ತರಿತರಿ ಅನ್ನುತ್ತದೆ. ನಿಮಗೆ ಬೇಕಾದದ್ದು ಇಎಸ್‌ಪಿಯಿಂದ (ಸ್ಥಾವರದ ಹೊಗೆಯಿಂದ ಬೂದಿ ಹಿಡಿಯುವ ಯಂತ್ರ) ಇಳಿಸಿದ ಒಣ ಬೂದಿ, ಅದು ಮುಖದ ಪೌಡರಿನಷ್ಟು ನುಣುಪು. ಐಎಸ್ 3812 ಭಾಗ 1ರ ಟೆಸ್ಟ್ ವರದಿ ಕೇಳಿ: 45 ಮೈಕ್ರಾನ್ ಜರಡಿಯ ಮೇಲೆ ಉಳಿಯುವುದು 34% ದಾಟಬಾರದು, ಸುಟ್ಟಾಗ ಕಳೆಯುವ ತೂಕ 5% ಒಳಗಿರಬೇಕು. ಇದ್ದಿಲು ಹೆಚ್ಚಿದ್ದರೆ ಅಡ್‌ಮಿಕ್ಸ್ಚರನ್ನು (ಕಡಿಮೆ ನೀರಲ್ಲೇ ಕಾಂಕ್ರೀಟು ಸಡಿಲವಾಗಲು ಹಾಕುವ ರಾಸಾಯನಿಕ) ಅದೇ ಹೀರಿಕೊಳ್ಳುತ್ತದೆ. ಕರಣೆ ಆಡಿಸುವಾಗ ಕಪ್ಪು ಕೆನೆ ಮೇಲೆ ತೇಲುವುದೂ ಅದರಿಂದಲೇ.

ಟ್ರಯಲ್‌ಗೆ ಒಂದು ಘನಮೀಟರಿಗೆ: ಒಪಿಸಿ 280 ಕೆಜಿ, ಬೂದಿ 100, ನೀರು 152, ಎಂ-ಸ್ಯಾಂಡ್ 690, ಜಲ್ಲಿ 1170 (20 ಎಂಎಂ 700, ಉಳಿದದ್ದು 10 ಎಂಎಂ), ಅಡ್‌ಮಿಕ್ಸ್ಚರ್ 3 ಕೆಜಿ. 50 ಕೆಜಿಯ ಒಂದು ಚೀಲ ಒಪಿಸಿಗೆ ಲೆಕ್ಕ ಹಾಕಿದರೆ ಬೂದಿ 18 ಕೆಜಿ, ಮರಳು 123, ಜಲ್ಲಿ 209, ನೀರು 27 ಲೀಟರ್. ಮರಳಿನಲ್ಲಿ 4% ಹಸಿ ಇದ್ದರೆ ಸುಮಾರು 5 ಲೀಟರ್ ನೀರು ಅದರಲ್ಲೇ ಬಂದಿರುತ್ತದೆ, ಹೊರಗಿಂದ 22 ಲೀಟರ್ ಸಾಕು. ಹೆಚ್ಚಿನ ಸೈಟುಗಳು ಕೆಡುವುದು ಈ 5 ಲೀಟರಿನಲ್ಲೇ.

ಬೂದಿಯನ್ನು ಪುಟ್ಟಿ ಲೆಕ್ಕದಲ್ಲಿ ಹಾಕಬೇಡಿ, ತೂಗಿ. ನಿಮ್ಮ ಕೆಲಸಕ್ಕೆ ಬೇಕಾದ ಬೂದಿ 11 ಟನ್ ಚಿಲ್ಲರೆ. ಅಷ್ಟನ್ನು ಬಯಲಲ್ಲಿ ಸುರಿದರೆ ಅರ್ಧ ಗಾಳಿಗೆ, ಅರ್ಧ ಮಳೆಗೆ. ಸೈಲೋ (ಬೂದಿ ತುಂಬಿಡುವ ಮುಚ್ಚಿದ ತೊಟ್ಟಿ) ಇಲ್ಲ, ತೂಗುವ ವ್ಯವಸ್ಥೆಯೂ ಇಲ್ಲ ಎಂದರೆ ಸುಮ್ಮನೆ ಪಿಪಿಸಿಯಲ್ಲೇ ಹಾಕಿ. ಕಾರ್ಖಾನೆಯಲ್ಲಿ ಹದವಾಗಿ ಬೆರೆತ ಬೂದಿ, ಸೈಟಿನಲ್ಲಿ ಅಂದಾಜಿಗೆ ಬೆರೆಸಿದ್ದಕ್ಕಿಂತ ಎಷ್ಟೋ ಮೇಲು.

ಗೋಣಿತಾಟು
ಪುಡಿ ಏಳುವುದಕ್ಕೆ ಬೂದಿ ಕಾರಣವಲ್ಲ. ಬೂದಿ ಕಾಂಕ್ರೀಟು ನಿಧಾನಕ್ಕೆ ಗಟ್ಟಿಯಾಗುತ್ತದೆ, ಮೇಲೆ ನೀರು ಬಿಡುವುದೂ ಕಡಿಮೆ. ಮೇಲ್ಮೈ ಒಣಗಿತು ಅಂತ ಮೇಸ್ತ್ರಿ ನೀರು ಚಿಮುಕಿಸಿ ಉಜ್ಜುತ್ತಾನೆ, ಮೇಲೆ ಒಣ ಸಿಮೆಂಟ್ ಉದುರಿಸುತ್ತಾನೆ. ಆ ಎರಡು ಮಿ.ಮೀ. ಪದರವೇ ಮುಂದೆ ಏಳುವುದು. ರಾಯಚೂರಿನ ಬಿಸಿಲಿಗೆ ಸಂಜೆ ಮೇಲೆ ಹಾಕಿ, ಫಿನಿಶಿಂಗ್ ಮುಗಿದ ಕೂಡಲೇ ಪ್ಲಾಸ್ಟಿಕ್ ಹೊದಿಸಿ. ಮರುದಿನದಿಂದ ಒದ್ದೆ ಗೋಣಿ ಇಲ್ಲವೇ ಮಣ್ಣಿನ ಒಡ್ಡು ಕಟ್ಟಿ ನೀರು ನಿಲ್ಲಿಸಿ, 14 ದಿನ. ಏಳನೇ ದಿನಕ್ಕೆ ನಿಲ್ಲಿಸಿದರೆ ಬೂದಿ ಸಿಮೆಂಟಿನ ಸುಣ್ಣದ ಜೊತೆ ಕೂಡಿ ಬಲವಾಗುವ ಹೊತ್ತಿಗೇ ನೀರು ತಪ್ಪಿಸಿದ ಹಾಗೆ.

ಜಾಯಿಂಟ್ ಕಟಿಂಗ್ (ಬಿರುಕು ಅಲ್ಲೇ ಬೀಳಲಿ ಅಂತ ಕತ್ತರಿಸುವ ಅಡ್ಡಗೆರೆ) 3.75 ಮೀಟರಿಗೊಂದು, ಆಳ 40ರಿಂದ 50 ಮಿ.ಮೀ. ಗಡಿಯಾರ ನೋಡಿ ಕತ್ತರಿಸಬೇಡಿ. ಮೊದಲು ಒಂದು ಅಡಿ ಕತ್ತರಿಸಿ ನೋಡಿ: ಅಂಚಿನಲ್ಲಿ ಜಲ್ಲಿ ಕಿತ್ತು ಬಂದರೆ ಇನ್ನೂ ಕಾಯಿರಿ, ಗೆರೆ ಚೊಕ್ಕಟವಾಗಿ ಬಂದರೆ ಆ ಕ್ಷಣವೇ ಶುರು ಮಾಡಿ. ತಡವಾದರೆ ಬಿರುಕು ತನಗೆ ಬೇಕಾದಲ್ಲಿ ಬೀಳುತ್ತದೆ.

ಕೃಷ್ಣಾತೀರ
ತುಂಬಾ ಉಪಕಾರವಾಯಿತು. ತೋರಣಗಲ್ಲು ಉಕ್ಕಿನ ಕಾರ್ಖಾನೆ ಕಡೆಯ ಸ್ಲ್ಯಾಗ್ (ಲೋಹದ ಕಿಟ್ಟ) ಬಗ್ಗೆಯೂ ಹೇಳಿ. ಜಲ್ಲಿ ಬದಲು ಅದನ್ನೇ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ.

ಎರೆನೆಲ
ಯಾವ ಸ್ಲ್ಯಾಗ್ ಅಂತ ಮೊದಲು ಕೇಳಿ. ಊದುಕುಲುಮೆಯಿಂದ ಬಂದು, ನೀರಲ್ಲಿ ತಣಿಸಿ ಅರೆದ ಜಿಜಿಬಿಎಸ್ (ಐಎಸ್ 16714) ಆದರೆ ಜಲ್ಲಿ ಬದಲಿಗಲ್ಲ, ಒಪಿಸಿಯ 40% ಬದಲಿಗೆ ಧೈರ್ಯವಾಗಿ ಹಾಕಬಹುದು. ಅದಕ್ಕೂ ತೂಕ, ಕ್ಯೂರಿಂಗ್ ಎಲ್ಲ ಇದೇ ಕಟ್ಟುನಿಟ್ಟು. ಉಕ್ಕು ಮಾಡುವಾಗ ಬರುವ ಸ್ಲ್ಯಾಗ್ ಬೇರೆ ಕಥೆ. ಅದರಲ್ಲಿ ಅರಳದ ಸುಣ್ಣ ಉಳಿದಿರುತ್ತದೆ, ತಿಂಗಳುಗಳಾದ ಮೇಲೆ ತೇವ ಕುಡಿದು ಉಬ್ಬಿ ರಸ್ತೆಯಲ್ಲಿ ಬಟ್ಟಲಿನಂಥ ಗುಳಿ ಎಬ್ಬಿಸುತ್ತದೆ. ಹಳತು ಮಾಡಿ, ಉಬ್ಬುವಿಕೆ ಪರೀಕ್ಷಿಸಿದ ಕಾಗದ ಕೈಗೆ ಬರದೆ ಒಂದು ಬುಟ್ಟಿಯೂ ಬೇಡ.

ಹೊಂಡದ ಬೂದಿಯನ್ನು ಪೂರ್ತಿ ಕೈಬಿಡಬೇಕಿಲ್ಲ. ರಸ್ತೆ ಎತ್ತರಿಸಬೇಕಾದ ಕಡೆ ಏರಿಗೆ ತುಂಬಬಹುದು: ಹದವಾದ ತೇವದಲ್ಲಿ ಪದರ ಪದರವಾಗಿ ರೋಲರ್ ಹೊಡೆದು, ಮಳೆಗೆ ಕೊಚ್ಚಿ ಹೋಗದಂತೆ ಎರಡೂ ಬದಿಗೆ ಮಣ್ಣಿನ ಹೊದಿಕೆ ಕೊಡಿ. ಅದರ ಮೇಲೆ ಗರಸು, ಆಮೇಲೆ 125 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಾಂಕ್ರೀಟು. ಪಕ್ಕದಲ್ಲಿ ಚರಂಡಿ ತೋಡದೆ ಬಿಟ್ಟರೆ ಎರೆಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೆಗೆ ಸೀಳಿ, ಎಂಥ ಮಿಕ್ಸ್ ಹಾಕಿದ್ದರೂ ಸ್ಲ್ಯಾಬನ್ನು ಒಡೆಯುತ್ತದೆ.