ಪದಚರ್ಚೆ: ‘ಪಾಚಿ ಅರಳುವಿಕೆ’, ‘ಕೆಂಪು ಉಬ್ಬರ’

ಪ್ರಶ್ನೆ: ಕರಾವಳಿ ನೀರಿನ ಮಾಲಿನ್ಯದ ಬಗೆಗಿನ ಅನುವಾದವೊಂದರಲ್ಲಿ ‘ಆಲ್ಗಲ್ ಬ್ಲೂಮ್’ಗೆ (ನೀರಿನಲ್ಲಿ ಸೂಕ್ಷ್ಮ ಪಾಚಿಗಳು ಒಮ್ಮೆಲೇ ವಿಪರೀತ ಹೆಚ್ಚುವುದು) ‘ಪಾಚಿ ಅರಳುವಿಕೆ’, ‘ರೆಡ್ ಟೈಡ್’ಗೆ (ಅದರಿಂದ ನೀರಿನ ಬಣ್ಣ ಬದಲಾಗುವುದು) ‘ಕೆಂಪು ಉಬ್ಬರ’ ಎಂದಿದೆ. ಇವನ್ನು ಹಾಗೆಯೇ ಉಳಿಸಿಕೊಳ್ಳಬಹುದೇ?

ಉತ್ತರ: ಎರಡೂ ಬೇಡ. ಪಾಚಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಲ್ಲಿಗಂಟಿದ, ಕಾಲಿಟ್ಟರೆ ಜಾರುವ ಹಸಿರು ಲೋಳೆ. ಸಮುದ್ರದಲ್ಲಿ ಹೀಗೆ ಹೆಚ್ಚುವುದು ಬಹುಪಾಲು ಬರಿಗಣ್ಣಿಗೆ ಕಾಣದ ಒಂಟಿಕೋಶದ ಸಸ್ಯಪ್ಲವಕ (ಫೈಟೋಪ್ಲಾಂಕ್ಟನ್), ಅಂದರೆ ನೀರಿನಲ್ಲಿ ತೇಲುತ್ತ ಗಿಡಗಳಂತೆ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಜೀವಿಗಳು. ಜರ್ಮನ್ ಜೀವಶಾಸ್ತ್ರಜ್ಞ ವಿಕ್ಟರ್ ಹೆನ್ಸನ್ 1887ರಲ್ಲಿ ಬಳಕೆಗೆ ತಂದ ‘ಪ್ಲಾಂಕ್ಟನ್’ಗೆ ಗ್ರೀಕಿನಲ್ಲಿ ಅಲೆಯುವಂಥದ್ದು ಎಂಬ ಅರ್ಥ, ನಮ್ಮ ‘ಪ್ಲವಕ’ದ ಬೇರು ತೇಲು ಎಂಬ ಅರ್ಥದ ‘ಪ್ಲು’ ಧಾತು. ಸದ್ದೂ ಅರ್ಥವೂ ಹತ್ತಿರ ಬಂದಿರುವ ಇಂಥ ಜೋಡಿ ಸಿಗುವುದು ಅಪರೂಪ, ಬಿಡಬಾರದು.

ಇನ್ನು ‘ಅರಳು’. ಅರಳಿದ್ದು ಬಾಡುತ್ತದೆ, ಅಷ್ಟೆ. ಇಲ್ಲಿ ಆಗುವುದು ಬೇರೆ. ಸಸ್ಯಪ್ಲವಕ ಸುಮಾರಾಗಿ ರಂಜಕದ 1 ಪರಮಾಣುವಿಗೆ ಸಾರಜನಕದ 16ರಂತೆ ಹೀರುತ್ತದೆ. ಅದರಲ್ಲೇ ಒಂದು ಬಗೆಯಾದ, ಗಾಜಿನಂಥ ಚಿಪ್ಪು ಕಟ್ಟುವ ಡಯಾಟಮ್‌ಗಳಿಗೆ ಹೆಚ್ಚುಕಡಿಮೆ ಸಾರಜನಕದಷ್ಟೇ ಸಿಲಿಕಾನ್ ಕೂಡ ಬೇಕು. ಚರಂಡಿ ನೀರು, ಹೊಲದ ಗೊಬ್ಬರ ಮೊದಲೆರಡನ್ನು ಧಾರಾಳವಾಗಿ ತಂದು ಸುರಿಯುತ್ತವೆ. ಸಿಲಿಕಾನ್ ಆ ಪ್ರಮಾಣದಲ್ಲಿ ಬರುವುದಿಲ್ಲ. ಅದು ಮುಗಿದಲ್ಲಿಗೆ ಡಯಾಟಮ್‌ಗಳ ಆಟ ಮುಗಿಯಿತು. ಉಳಿದ ಸಾರಜನಕ, ರಂಜಕ ಸಿಲಿಕಾನ್ ಬೇಡದ ಇನ್ನೊಂದು ಬಗೆಯ ಸಸ್ಯಪ್ಲವಕವಾದ ಡೈನೋಫ್ಲಾಜಲೇಟ್‌ಗಳ ಪಾಲಾಗುತ್ತವೆ. ಇವುಗಳಲ್ಲಿ ವಿಷದ ಜಾತಿಗಳೂ ಇವೆ. ಕೊನೆಗೆ ರಾಶಿ ರಾಶಿ ಸತ್ತ ಕೋಶಗಳು ತಳಕ್ಕಿಳಿದು, ಅವನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿಬಿಡುತ್ತವೆ. ಮೇಲಿನ ನೀರು ತಳದ್ದರೊಡನೆ ಬೆರೆಯದಿದ್ದರೆ ತಳದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದು, ಓಡಲಾಗದ ಜೀವಿಗಳು ಸಾಯುತ್ತವೆ.

ಸರ್ರನೆ ಏರಿ, ಅಷ್ಟೇ ಬೇಗ ಇಳಿದು, ಸುತ್ತಲೂ ರಾಡಿ ಮಾಡಿಹೋಗುವುದಕ್ಕೆ ಕನ್ನಡದಲ್ಲಿ ಕ್ರಿಯಾಪದವಿದೆ: ಹಾಲು ಉಕ್ಕುತ್ತದೆ. ‘ಪ್ಲವಕ ಉಕ್ಕಿತು’ ಎನ್ನಿ. ನಾಮಪದ ಬೇಕಾದರೆ ‘ಪ್ಲವಕದ ಉಕ್ಕುವಿಕೆ’. ಬರೀ ‘ಉಕ್ಕು’ ಎಂದರೆ ಓದುಗರು ಕಬ್ಬಿಣದ ಕಡೆ ಹೋದಾರು!

‘ಕೆಂಪು ಉಬ್ಬರ’ಕ್ಕೂ ಉಬ್ಬರವಿಳಿತಕ್ಕೂ ನಂಟಿಲ್ಲ. ಬಣ್ಣವೂ ಕಂದು, ಹಸಿರು, ಏನೂ ಆಗಬಹುದು. ಬಣ್ಣವನ್ನು ನಂಬುವುದೇ ಅಪಾಯ: ಡೈನೋಫ್ಲಾಜಲೇಟ್‌ಗಳ ಒಂದು ಕುಲವಾದ ಅಲೆಕ್ಸಾಂಡ್ರಿಯಮ್‌ನ ವಿಷಕಾರಿ ಜಾತಿಗಳು ಲೀಟರಿಗೆ ಕೆಲವು ಸಾವಿರ ಕೋಶಗಳಷ್ಟಿದ್ದರೆ ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ಅದನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳಲ್ಲಿ ವಿಷ ಸೇರಿರಬಹುದು. ಹಾಗಾಗಿ ‘ವಿಷಪ್ಲವಕದ ಉಕ್ಕುವಿಕೆ’ ಎಂದು ಬರೆದು, ಜಾತಿಯ ಹೆಸರನ್ನೂ ಲೀಟರಿಗೆ ಎಷ್ಟು ಕೋಶ ಎಂಬುದನ್ನೂ ಪಕ್ಕದಲ್ಲೇ ಕೊಡಿ.