ಕಿರುಪ್ರಬಂಧದಲ್ಲಿ ನನ್ನ ಮಾತು ಎಲ್ಲಿ?

ಬೇಲೂರಿನ ವಿದ್ಯಾರ್ಥಿನಿ: ಹಾಸನದಲ್ಲಿ ಇತಿಹಾಸ ಎಂ.ಎ. ಓದ್ತಿದ್ದೀನಿ. ನಮ್ಮೂರ ಚೆನ್ನಕೇಶವ ದೇವಾಲಯದ ಶಾಸನಗಳ ಬಗ್ಗೆ 40 ಪುಟ ಬರೆದೆ. ಗೈಡ್ ಮೇಡಂ ಓದಿ, "ಇದರಲ್ಲಿ ನಿನ್ನ ಮಾತು ಎಲ್ಲಮ್ಮ?" ಅಂದ್ರು. ರಾತ್ರಿ ನಿದ್ದೆ ಬರಲಿಲ್ಲ. ಎಲ್ಲಿಂದ ತಿದ್ದಲಿ?

ಅರಸೀಕೆರೆ ಮೇಷ್ಟ್ರು: ಒಂದು ಪ್ಯಾರಾ ಓದು, ಪುಸ್ತಕ ಮುಚ್ಚು, ನಿಮ್ಮಮ್ಮನಿಗೆ ಹೇಳೋ ಹಾಗೆ ಬರಿಯಮ್ಮ. ಪುಟಸಂಖ್ಯೆ ಆಗಲೇ ಗುರುತು ಹಾಕ್ಕೊ. ಸ್ವಂತ ವಾಕ್ಯದಲ್ಲಿ ಬರೆದರೂ ಆಕರ ಹೇಳಲೇಬೇಕು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು ಎಲ್ಲರಿಗೂ ಗೊತ್ತು. ಶಾಸನದಲ್ಲಿರೋ ದತ್ತಿ ಯಾರಿಗೆ, ಯಾಕೆ ಹೋಯ್ತು ಅಂತ ನೀನು ಕೇಳೋ ಪ್ರಶ್ನೆ ಇದೆಯಲ್ಲ, ಅದೇ ನಿನ್ನ ಮಾತು.

ಸಕಲೇಶಪುರದವಳು: ಶಾಸನಗಳ ಪಾಠ ಅಚ್ಚಾಗಿರೋ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಹಳೆಯ 5ನೇದು ಹಾಸನ ಜಿಲ್ಲೆಯದೇ. ಮೂಲಪಾಠ ನೋಡಿ.

ವಿದ್ಯಾರ್ಥಿನಿ: ಸರ್, ಒಂದು ಅಧ್ಯಾಯ ಹಾಗೇ ಬರೆದೆ. 14 ಪುಟ ಇದ್ದದ್ದು 9 ಆಯ್ತು.