ದಿನಾ ಓಡಿದರೆ ಹೃದಯ ದೊಡ್ಡದಾಗುತ್ತಂತೆ, ಓಟ ಬಿಡಬೇಕಾ?

ಬೆಳಗಿನ_ಓಟ: ಆರು ವರ್ಷದಿಂದ ಓಡುತ್ತಿದ್ದೇನೆ. ಮೊನ್ನೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆ. ಎಡಗಡೆಯ ಕೆಳಕೋಣೆ ಸ್ವಲ್ಪ ದೊಡ್ಡದಿದೆ, ಪಂಪಿಂಗ್ ಚೆನ್ನಾಗಿದೆ ಅಂದರು. ನಾಡಿ 48. ಅಮ್ಮ ಓಟ ಬಿಡು ಅಂತ ಹಿಡಿದು ಕೂತಿದ್ದಾರೆ.

ಕೆರೆ_ಏರಿ: ಬಿಡಬೇಡಿ. ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುವ ಹೃದಯ ಕಡಿಮೆ ಬಡಿದರೂ ಸಾಕು, ಅದಕ್ಕೇ 48. 1899ರಲ್ಲೇ ಸ್ವೀಡನ್ನಿನ ವೈದ್ಯ ಹೆನ್ಶೆನ್ ಸ್ಕೀ ಓಟಗಾರರ ಎದೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಹೃದಯ ದೊಡ್ಡದಾಗಿರುವುದನ್ನು ಕಂಡುಹಿಡಿದಿದ್ದರು.

ಸುಮ್ನೆ_ನಡೆ: "ಕಡಿಮೆ ಬಡಿದರೂ ಸಾಕು" ಅಂತ ಎಲ್ಲರಿಗೂ ಹೇಳಬೇಡಿ. ಅದೇ ಸ್ವೀಡನ್ನಿನಲ್ಲಿ 90 ಕಿ.ಮೀ. ಸ್ಕೀ ಓಟ ಮುಗಿಸಿದ 52,755 ಜನರ ಲೆಕ್ಕ 2013ರಲ್ಲಿ ಬಂತು. ಜಾಸ್ತಿ ಸಲ ಓಡಿದವರಲ್ಲಿ, ಬೇಗ ಮುಗಿಸಿದವರಲ್ಲಿ ಬಡಿತ ತಾಳ ತಪ್ಪುವುದೂ ಜಾಸ್ತಿ.

ಕೆರೆ_ಏರಿ: ತಾಳ ತಪ್ಪಿದವರೆಲ್ಲ ಸಾಯುವುದಿಲ್ಲ ರೀ. ಅಮೆರಿಕದ ಮ್ಯಾರಥಾನ್‌ಗಳಲ್ಲಿ 2000ದಿಂದ 2010ರವರೆಗೆ 1.09 ಕೋಟಿ ಓಟಗಾರರು, ಹೃದಯ ನಿಂತದ್ದು 59 ಜನರಿಗೆ.

ನಲವತ್ತೆರಡು: ಅದು ಬರೀ ಮ್ಯಾರಥಾನ್ ಲೆಕ್ಕ ಅಲ್ಲ, ಹಾಫ್ ಕೂಡ ಸೇರಿದೆ. ಮ್ಯಾರಥಾನ್ ಅಂದರೆ 42.195 ಕಿ.ಮೀ.

ಕೆರೆ_ಏರಿ: ಹಾಫ್ ಮ್ಯಾರಥಾನ್ ಕೂಡ ಮ್ಯಾರಥಾನೇ, ಹೆಸರಲ್ಲೇ ಇದೆಯಲ್ವಾ.

ನಲವತ್ತೆರಡು: ಹೆಸರು ಏನಾದರೂ ಇರಲಿ, ಎದೆಗೆ ಅದು ಅರ್ಧ. ಲಕ್ಷ ಜನಕ್ಕೆ ಪೂರ್ತಿ ಓಟದಲ್ಲಿ 1.01, ಹಾಫ್‌ನಲ್ಲಿ 0.27. ಎರಡನ್ನೂ ಒಂದೇ ಪಾತ್ರೆಗೆ ಸುರಿದು ನೀರು ಮಾಡಿದ್ದೀರಿ.

ಕೆರೆ_ಏರಿ: ನೀರು ಮಾಡಿದ್ದು ನಾನಲ್ಲ, ಲೆಕ್ಕ ತೆಗೆದವರೇ ಸೇರಿಸಿದ್ದು. ಲಕ್ಷಕ್ಕೆ ಒಬ್ಬರು, ಇದಕ್ಕಿಷ್ಟು ಕೂಗಾಟನಾ?

ನಲವತ್ತೆರಡು: ನಾಲ್ಕು ಪಟ್ಟು ವ್ಯತ್ಯಾಸ ಇದ್ದರೂ ಎರಡೂ ಒಂದೇ ಅಂತೀರಲ್ಲ, ಪೂರ್ತಿ ಓಟ ಒಂದು ಸಲವಾದರೂ ಓಡಿದ್ದೀರಾ?

ಕೆರೆ_ಏರಿ: ನಾನು ಓಡಿದ್ದು ಇಲ್ಲಿ ಯಾಕೆ? ಅಂಕಿಗೆ ಉತ್ತರ ಕೊಡಿ.

ಸುಮ್ನೆ_ನಡೆ: "ಲಕ್ಷಕ್ಕೆ ಒಬ್ಬರು". ಆ ಒಬ್ಬ ನಮ್ಮ ಸೋದರಮಾವನ ಮಗ. 38 ವರ್ಷ. ಮುಗಿಯುವ ಗೆರೆ ಕಣ್ಣೆದುರೇ ಇತ್ತು, ಕುಸಿದ. ಕೈಯಲ್ಲಿದ್ದ ವಾಚು ಇನ್ನೂ ನಿಮಿಷ ಎಣಿಸುತ್ತಿತ್ತು. ಹೃದಯದ ಗೋಡೆ ದಪ್ಪ ಇತ್ತು ಅಂತ ಆಮೇಲೆ ಗೊತ್ತಾಯಿತು.

ಎಕೋ_ರೂಮು: ಗೋಡೆ ದಪ್ಪ ಇದ್ದದ್ದು ಹೆಚ್ಚಾಗಿ ವಂಶದಿಂದ ಬರುವ ಕಾಯಿಲೆ, ಅದನ್ನು ಓಟದ ತಲೆಗೆ ಕಟ್ಟಬೇಡಿ. ಓಟಗಾರರಲ್ಲಿ ಕೋಣೆಯೇ ಹಿಗ್ಗುತ್ತದೆ. ಆ ಕಾಯಿಲೆಯಲ್ಲಿ ಗೋಡೆ ಉಬ್ಬಿ ಕೋಣೆ ಸಾಮಾನ್ಯವಾಗಿ ಕಿರಿದಾಗುತ್ತದೆ. ಅನುಮಾನ ಬಂದರೆ ಕೆಲವು ತಿಂಗಳು ಓಟ ನಿಲ್ಲಿಸಿ ಮತ್ತೆ ಎಕೋ ನೋಡುತ್ತಾರೆ, ಓಟದಿಂದ ಬಂದ ದಪ್ಪವಾದರೆ ಇಳಿಯುತ್ತದೆ.

ಸುಮ್ನೆ_ನಡೆ: "ಓಟ ನಿಲ್ಲಿಸಿ". ನಾನೂ ಅದನ್ನೇ ಹೇಳಿದ್ದು.

ಎಕೋ_ರೂಮು: ಅನುಮಾನ ಬಂದರೆ ಅಂದೆ ಅಕ್ಕಾ. ಪೂರ್ತಿ ಓದಿ.

ಬೆಳಗಿನ_ಓಟ: ನನ್ನ ರಿಪೋರ್ಟಿನಲ್ಲಿ ಗೋಡೆ 9 ಮಿ.ಮೀ., ಮಾಮೂಲಿ ದಪ್ಪವೇ ಅಂತಿದೆ. ಅಮ್ಮನಿಗೆ ಓದಿ ಹೇಳಿದೆ. ಶೂ ಮಾತ್ರ ಇನ್ನೂ ಅಟ್ಟದ ಮೇಲಿದೆ.